ಆಪತ್ಕಾಲದ ಅಂತರ್ದರ್ಶನವೂ ವೈದ್ಯಪರಿವಾರದ ರಕ್ಷಣೆಯೂ

ಅನ್ನನಾಳ ಜಠರಾದಿಗಳೊಳಕ್ಕೆ ಬಳುಕುವ ನಾಳವೊಂದನ್ನು ಇಳಿಸಿ, ಅದರ ತುದಿಯ ದೀಪದ ಬೆಳಕಿನಲ್ಲಿ ಒಳಗಣ ಸ್ಥಿತಿಯನ್ನು ಕಂಡು, ಅವಶ್ಯವಾದರೆ ಅಲ್ಲಿಯೇ ಚಿಕಿತ್ಸೆಯನ್ನೂ ನಡೆಸುವ ಕರ್ಮಕ್ಕೆ ಆಸ್ಪತ್ರೆಗಳಲ್ಲಿ ಎಂಡೋಸ್ಕೋಪಿಯೆಂದು ಹೆಸರು. ಪ್ರಕೃತ ಲೇಖನದಲ್ಲಿ ಅದನ್ನು ಅಂತರ್ದರ್ಶನವೆಂದು ವ್ಯವಹರಿಸಲಾಗಿದೆ. ಹೊಟ್ಟೆಯ ಹುಣ್ಣಿನಿಂದಲೋ, ಯಕೃತ್ತು ಕೆಟ್ಟು ಅನ್ನನಾಳದಲ್ಲಿ ಉಬ್ಬಿದ ಸಿರೆಗಳು ಒಡೆದುದರಿಂದಲೋ ರಕ್ತವನ್ನು ಕಾರುತ್ತಿರುವವನಿಗೆ, ನುಂಗಿದ ಮೂಳೆಯೋ ನಾಣ್ಯವೋ ಗಂಟಲ ಕೆಳಗೆ ಸಿಕ್ಕಿಕೊಂಡವನಿಗೆ, ಪಿತ್ತನಾಳವು ಕಟ್ಟಿ ಕೀವಾಗಿ ಜ್ವರದಿಂದ ನಡುಗುತ್ತಿರುವವನಿಗೆ ಈ ಕರ್ಮವು ಪ್ರಾಣದಾಯಕವಾದುದು. ಇಂಥ ರೋಗಿಯು ಸಂಕ್ರಾಮಕವಾದ ಮತ್ತೊಂದು ವ್ಯಾಧಿಯನ್ನೂ ಹೊತ್ತು ಬಂದಿದ್ದರೆ, ಆತನ ಬಾಯಿಗೆ ಒಂದೆರಡು ಮೊಳ ದೂರದಲ್ಲಿ ಮುಖವಿಟ್ಟು ನಿಲ್ಲುವ ವೈದ್ಯನ, ತಲೆಯನ್ನು ಹಿಡಿದಿರುವ ಶುಶ್ರೂಷಕಿಯ, ಕಡೆಯಲ್ಲಿ ನಾಳವನ್ನು ತೊಳೆಯುವ ಪರಿಚಾರಕನ ರಕ್ಷಣೆ ಹೇಗೆ ಎಂಬುದೇ ಇಲ್ಲಿಯ ವಿಚಾರ. ಈ ವಿಷಯದಲ್ಲಿ ಬೆಳೆದಿರುವ ಬರವಣಿಗೆಯ ಬಹುಭಾಗವು ಮಹಾನಗರಗಳ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಗೆ ಅದು ಎಷ್ಟರಮಟ್ಟಿಗೆ ಒದಗೀತೆಂಬುದನ್ನು ನೋಡುವುದು ನಮ್ಮ ಉದ್ದೇಶ.

ಉಪಕರಣವು ಹೊಸದಾದರೂ ಕಲ್ಪನೆಯು ತೀರ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ನೂರೊಂದು ಯಂತ್ರಗಳನ್ನು ಆರು ವರ್ಗಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ನಾಡೀಯಂತ್ರವೆಂಬುದು ಟೊಳ್ಳಾದ ಕೊಳವೆಗಳ ವರ್ಗ. ಅದಕ್ಕೆ ಹೇಳಿರುವ ಪ್ರಯೋಜನಗಳು ನಾಲ್ಕು: ಸ್ರೋತಸ್ಸಿನಲ್ಲಿ ಸಿಕ್ಕಿದ ಶಲ್ಯವನ್ನು ಹೊರತೆಗೆಯುವುದು, ರೋಗವನ್ನು ನೋಡುವುದು, ಒಳಗಿರುವುದನ್ನು ಹೀರುವುದು, ಇತರ ಕ್ರಿಯೆಗಳಿಗೆ ಸೌಕರ್ಯವನ್ನುಂಟುಮಾಡುವುದು. ಇಂದಿನ ಅಂತರ್ದರ್ಶಕವು ಮಾಡುವ ಕೆಲಸವೂ ಈ ನಾಲ್ಕೇ. ಅದೇ ಸಂಹಿತೆಯ ನಿದಾನಸ್ಥಾನದಲ್ಲಿ, ಕುಷ್ಠಪ್ರಕರಣದ ಕೊನೆಗೆ, ಒಬ್ಬರಿಂದ ಒಬ್ಬರಿಗೆ ದಾಟುವ ಔಪಸರ್ಗಿಕ ರೋಗಗಳ ಮಾತು ಬರುತ್ತದೆ. ದಾಟುವ ದಾರಿಗಳಲ್ಲಿ ದೇಹಸ್ಪರ್ಶ, ಸಹಭೋಜನ, ಬಟ್ಟೆ ಮುಂತಾದುವುಗಳೊಡನೆ ನಿಃಶ್ವಾಸವನ್ನೂ ಎಣಿಸಿದೆ. ಇಷ್ಟರಿಂದಲೇ ಪ್ರಾಚೀನರಿಗೆ ಸೂಕ್ಷ್ಮಾಣುಜೀವಿಗಳು ತಿಳಿದಿದ್ದುವೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ, ಅಭಿಮಾನ. ಆದರೆ ಉಸಿರಿನ ಮಾತನ್ನು ಮುಂದಕ್ಕೆ ನೆನಪಿಟ್ಟುಕೊಳ್ಳತಕ್ಕದ್ದು. ಚರಕನು ಚಿಕಿತ್ಸೆಗೆ ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದ್ದಾನೆ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತು ಶುಶ್ರೂಷೆ ಮಾಡುವವನು. ಈ ಲೆಕ್ಕದಲ್ಲಿ ಆತನ ರಕ್ಷಣೆಯು ಚಿಕಿತ್ಸೆಗೆ ಹೊರಗಿನ ಒಂದು ಉಪಕಾರವಲ್ಲ. ಚಿಕಿತ್ಸೆಯ ಒಂದು ಪಾದವೇ ಆಗಿದೆ.

ಇನ್ನು ದೇಶವಿಚಾರ. ಮೊದಲು ಮೂಡಿಗೆರೆಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾಗಿರುವ ಕಳಸದಲ್ಲಿ ಒಬ್ಬನು ರಕ್ತ ಕಾರಿದನೆಂದರೆ, ಅಂತರ್ದರ್ಶನದ ಅನುಕೂಲವಿರುವ ಸ್ಥಳಕ್ಕೆ ಆತನನ್ನು ಕೊಂಡೊಯ್ಯುವ ದಾರಿಗಳು ಮೂರು. ಮೂಡಿಗೆರೆಯ ಕಡೆಯಿಂದ ಚಿಕ್ಕಮಗಳೂರಿಗೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಟ್ಟವಿಳಿದು ಮಂಗಳೂರಿಗೆ, ಇಲ್ಲವೆ ಕುದುರೆಮುಖದ ಮೇಲೆ ಕಾರ್ಕಳವನ್ನು ಹಾದು ಮಣಿಪಾಲಕ್ಕೆ. ಯಾವುದನ್ನು ಹಿಡಿದರೂ ಎರಡು ಮೂರು ಗಂಟೆಗಳ ತಿರುವುಮುರುವಿನ ಹಾದಿ. ಮಳೆಗಾಲದಲ್ಲಿ ಅದೂ ನಿಶ್ಚಯವಿಲ್ಲ: ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ರಸ್ತೆ ಕುಸಿದು ಸಂಚಾರ ನಿಂತುಹೋಯಿತು; ಕಳಸ-ಹೊರನಾಡುಗಳ ನಡುವಣ ಹೆಬ್ಬಾಳೆಯ ಸೇತುವೆಯ ಮೇಲೆ ಭದ್ರೆಯು ಹರಿದುದೂ ಉಂಟು. ಹೀಗಾಗಿ ಗುಡ್ಡದ ಸೀಮೆಯ ರೋಗಿಯು ಅಂತರ್ದರ್ಶನದ ಮೇಜನ್ನು ಸೇರುವ ವೇಳೆಗೆ, ಪೇಟೆಯ ರೋಗಿಗಿಂತ ಹೆಚ್ಚು ಕೈಗಳನ್ನು ದಾಟಿ, ಹೆಚ್ಚು ರಕ್ತವನ್ನು ಕಳೆದುಕೊಂಡು ಬಂದಿರುತ್ತಾನೆ.

ಆತನೊಡನೆ ಏನು ಬಂದಿರಬಹುದು? ಕಾಫಿಯ ಕೊಯ್ಲು ನವೆಂಬರಿನಿಂದ ಮಾರ್ಚಿಯವರೆಗೆ. ಆ ತಿಂಗಳುಗಳಲ್ಲಿ ದೂರದ ಊರುಗಳ ಕೂಲಿಯವರು ಲೈನುಮನೆಗಳಲ್ಲಿ ಒತ್ತಾಗಿ ವಾಸಿಸುತ್ತಾರೆ. ಒತ್ತಾದ ವಾಸವು ಕ್ಷಯಕ್ಕೆ ಅನುಕೂಲವೆಂಬುದು ಎಲ್ಲರೂ ಬಲ್ಲ ಸಂಗತಿ. ಮಂಗನ ಕಾಯಿಲೆಯ ಕಾಲವೂ ಹೆಚ್ಚುಕಡಮೆ ಅದೇ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಉಣುಗಿನ ಕಡಿತದಿಂದ ಬರತಕ್ಕದ್ದು. ೨೦೨೪ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯಲ್ಲಿಯೂ ಅದು ಕಾಣಿಸಿಕೊಂಡಿತು. ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಅದರ ಲಕ್ಷಣಗಳಲ್ಲಿ ಮೂಗು ಒಸಡುಗಳಿಂದ ರಕ್ತ ಸೋರುವುದು, ರಕ್ತವಾಂತಿ, ಮಲದಲ್ಲಿ ರಕ್ತ ಇವೂ ಸೇರಿರುವುದರಿಂದ, ಹುಣ್ಣಿನ ರಕ್ತಸ್ರಾವವೆಂದು ಭ್ರಮಿಸಲು ಎಡೆಯುಂಟು.

ಇಲ್ಲಿ ಭಯವನ್ನು ಅಳತೆಮೀರಿ ಬೆಳೆಸಕೂಡದು. ಮಂಗನ ಕಾಯಿಲೆಯು ಮನುಷ್ಯನಿಂದ ಮನುಷ್ಯನಿಗೆ ಹರಡಿದ ದೃಷ್ಟಾಂತವಿಲ್ಲ. ಪ್ರಯೋಗಶಾಲೆಗಳಲ್ಲಿ ಆ ವಿಷಾಣುವಿನೊಡನೆ ಕೆಲಸಮಾಡುತ್ತಿದ್ದವರಿಗೆ ಮಾತ್ರ ಅದು ತಗುಲಿದುದುಂಟು. ಜ್ವರದ ಮೊದಲ ದಿನಗಳಲ್ಲಿ ವಿಷಾಣುವು ರೋಗಿಯ ರಕ್ತದಲ್ಲಿರುತ್ತದೆಯಾದ ಕಾರಣ ಆ ರಕ್ತದ ವಿಷಯದಲ್ಲಿ ಎಚ್ಚರ ಬೇಕು, ಅಷ್ಟೆ. ಅಲ್ಲದೆ ಆ ರಕ್ತಸ್ರಾವಕ್ಕೆ ದ್ರವವನ್ನೂ ರಕ್ತಾಂಶಗಳನ್ನೂ ಕೊಡುವುದು ಮುಖ್ಯವೇ ಹೊರತು ನಾಳವನ್ನಿಳಿಸಿ ಕಟ್ಟುಹಾಕಲು ಒಂದು ಗೊತ್ತಾದ ಜಾಗವು ಸಾಮಾನ್ಯವಾಗಿ ಇರುವುದಿಲ್ಲ. ಅಂತರ್ದರ್ಶನದ ಕೊಠಡಿಯಲ್ಲಿ ನಿಜವಾಗಿ ಹೆಚ್ಚಾಗಿ ಎದುರಾಗುವ ಶತ್ರುಗಳು ಬೇರೆ: ರಕ್ತದ ಮೂಲಕ ಬರುವ ಯಕೃತ್ತಿನ ಕಾಮಾಲೆಗಳಾದ ಹೆಪಟೈಟಿಸ್ ಬಿ ಮತ್ತು ಸಿ, ಎಚ್.ಐ.ವಿ.; ಉಸಿರಿನ ಮೂಲಕ ಬರುವ ಕ್ಷಯ, ಶೀತಜ್ವರ, ೨೦೨೦ರಿಂದೀಚೆಗೆ ಕೋವಿಡ್. ಒಡೆದ ಸಿರೆಗಳಿಂದ ರಕ್ತ ಕಾರುವವನ ಯಕೃತ್ತು ಕೆಟ್ಟಿರುವುದಕ್ಕೆ ಹೆಪಟೈಟಿಸ್ ಬಿ ಅಥವಾ ಸಿ ಕಾರಣವಾಗಿರುವುದು ಅಪೂರ್ವವಲ್ಲವಾಗಿ, ಆತನ ತುರ್ತು ಯಾವುದೋ ಆತನ ಸೋಂಕೂ ಅನೇಕ ವೇಳೆ ಅದೇ ಬೇರಿನದು.

ಈ ಪಟ್ಟಿಯನ್ನು ನೋಡಿದವರಿಗೆ ಸಹಜವಾಗಿ ತೋರುವ ಉಪಾಯವೆಂದರೆ, ಮೊದಲು ಪರೀಕ್ಷೆಮಾಡಿ ಸೋಂಕು ಯಾವುದೆಂದು ತಿಳಿದು, ಅದಕ್ಕೆ ತಕ್ಕ ಕವಚವನ್ನು ತೊಡುವುದು. ಉಪಾಯವು ತರ್ಕಕ್ಕೆ ಸರಿ, ಅನುಭವಕ್ಕೆ ಸರಿಯಲ್ಲ. ೨೦೨೦ರ ಮಾರ್ಚಿಯಲ್ಲಿ ಭಾರತದ ಮೊಟ್ಟಮೊದಲ ಕೋವಿಡ್ ಮರಣವಾದುದು ನಮ್ಮ ಕಲಬುರಗಿಯಲ್ಲಿ. ರೋಗಿಯು ೧೦ನೆಯ ತಾರೀಖು ತೀರಿಕೊಂಡನು; ರೋಗವು ಅದೇ ಎಂದು ನಿಶ್ಚಯವಾದುದು ೧೨ರಂದು; ಆತನಿಗೆ ಚಿಕಿತ್ಸೆ ಮಾಡಿದ್ದ ವೈದ್ಯರೊಬ್ಬರಿಗೆ ಸೋಂಕು ತಗುಲಿರುವುದು ೧೭ರ ವೇಳೆಗೆ ತಿಳಿದುಬಂತು. ಅದಕ್ಕೆ ಎರಡು ವರ್ಷ ಹಿಂದೆ, ಇದೇ ಸಹ್ಯಾದ್ರಿಯ ದಕ್ಷಿಣಭಾಗದ ಮಗ್ಗುಲಲ್ಲಿ, ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರದಲ್ಲಿ ನಿಪಾ ವಿಷಾಣುವು ಕಾಣಿಸಿಕೊಂಡಾಗ, ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಗಳ ಶುಶ್ರೂಷೆ ಮಾಡಿದ ಲಿನಿ ಎಂಬಾಕೆ ೨೦೧೮ರ ಮೇ ೨೧ರಂದು ಪ್ರಾಣಬಿಟ್ಟರು. ಆಕೆ ಶುಶ್ರೂಷೆ ಮಾಡಿದಾಗ ಆ ರೋಗಕ್ಕೆ ಅಲ್ಲಿ ಇನ್ನೂ ಹೆಸರಿಟ್ಟಿರಲಿಲ್ಲ. ಎರಡು ಕಡೆಯಲ್ಲಿಯೂ ರೋಗದ ನಾಮಧೇಯವು ಬಂದುದು ಸೋಂಕಿನ ಹಿಂದೆ, ಮುಂದಲ್ಲ. ವೈದ್ಯಪರಿವಾರಕ್ಕೆ ಅತ್ಯಂತ ಅಪಾಯವಾದ ಹೊತ್ತೆಂದರೆ ರೋಗಕ್ಕೆ ಇನ್ನೂ ಹೆಸರು ಬಾರದ ಹೊತ್ತು. ತುರ್ತಿನ ಅಂತರ್ದರ್ಶನವು ನಡೆಯುವುದೂ ಬಹುವಾಗಿ ಅದೇ ಹೊತ್ತಿನಲ್ಲಿ. ಅದುಕಾರಣ ಕವಚವನ್ನು ರೋಗದ ಹೆಸರಿನಿಂದಲ್ಲ, ಮಾಡುವ ಕರ್ಮದ ಸ್ವರೂಪದಿಂದ ನಿಶ್ಚಯಿಸತಕ್ಕದ್ದು: ಬಾಯಿಂದ ನಾಳವನ್ನಿಳಿಸುವ ತುರ್ತು ಕರ್ಮವಾದರೆ, ರೋಗಿ ಯಾರೇ ಆಗಲಿ, ಪೂರ್ಣಕವಚ.

ಸರಕಾರದ ಶಾಸನವೂ ಇದೇ ತತ್ತ್ವವನ್ನು ಅನುಸರಿಸಿದೆ. ೨೦೧೭ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಒಂದು ಕಡೆ, ರೋಗಿಯ ತಿಳಿವಳಿಕೆಯ ಸಮ್ಮತಿಯಿಲ್ಲದೆ ಪರೀಕ್ಷೆ ಮಾಡಕೂಡದೆಂದೂ ಸೋಂಕಿನ ನೆಪದಿಂದ ಚಿಕಿತ್ಸೆಯನ್ನು ನಿರಾಕರಿಸಕೂಡದೆಂದೂ ವಿಧಿಸುತ್ತದೆ. ಇನ್ನೊಂದು ಕಡೆ, ಕೆಲಸಗಾರರಿಗೆ ಸಾರ್ವತ್ರಿಕ ಮುನ್ನೆಚ್ಚರಿಕೆಯ ಸಾಧನಗಳನ್ನೂ ಶಿಕ್ಷಣವನ್ನೂ, ಚುಚ್ಚಿಕೊಂಡರೆ ಅನಂತರದ ಔಷಧವನ್ನೂ ಒದಗಿಸುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸುತ್ತದೆ. ಎರಡನ್ನೂ ಕೂಡಿಸಿ ಓದಬೇಕು. ಮೊದಲನೆಯದನ್ನು ಮಾತ್ರ ಓದಿ ಗೊಣಗುವವರನ್ನೂ ಎರಡನೆಯದನ್ನು ಮರೆತ ಆಡಳಿತಗಾರರನ್ನೂ ಕಾಣುತ್ತೇವೆ.

ಇದಕ್ಕೆ ಒಂದು ಆಕ್ಷೇಪವುಂಟು. ರೋಗಿ ರಕ್ತ ಕಾರುತ್ತಿರುವಾಗ ಕವಚ ತೊಡುತ್ತ ಕುಳಿತರೆ ಆತನ ಗತಿಯೇನು? ಆಕ್ಷೇಪವು ಗಂಭೀರವಾದುದರಿಂದ ಸಮಾಧಾನವನ್ನೂ ಪ್ರಮಾಣಪೂರ್ವಕವಾಗಿಯೇ ಹೇಳಬೇಕು. ಹಾಂಕಾಂಗಿನಲ್ಲಿ, ಜಠರಾದಿಗಳಿಂದ ತೀವ್ರವಾಗಿ ರಕ್ತಸ್ರಾವವಾಗುತ್ತಿದ್ದ ೫೧೬ ರೋಗಿಗಳನ್ನು ಎರಡು ಪಂಗಡ ಮಾಡಿ, ತಜ್ಞನಿಗೆ ತಿಳಿಸಿದ ಆರು ಗಂಟೆಗಳೊಳಗೆ ಒಂದು ಪಂಗಡಕ್ಕೂ, ಆರರಿಂದ ಇಪ್ಪತ್ತನಾಲ್ಕು ಗಂಟೆಗಳ ನಡುವೆ ಇನ್ನೊಂದಕ್ಕೂ ಅಂತರ್ದರ್ಶನವನ್ನು ಮಾಡಿದರು. ೨೦೨೦ರಲ್ಲಿ ಪ್ರಕಟವಾದ ಫಲವೇನೆಂದರೆ, ಮೂವತ್ತು ದಿನಗಳೊಳಗೆ ಮೃತರಾದವರು ಅವಸರದ ಪಂಗಡದಲ್ಲಿ ನೂರಕ್ಕೆ ೮.೯, ತಡೆದು ಮಾಡಿದ ಪಂಗಡದಲ್ಲಿ ೬.೬. ಅಂತರವು ಗಣಿತರೀತ್ಯಾ ನಿರ್ಣಾಯಕವಲ್ಲ. ಆದರೆ ಅವಸರದಿಂದ ಲಾಭವಿಲ್ಲವೆಂಬುದು ಸ್ಪಷ್ಟ. ಮೊದಲು ದ್ರವ, ರಕ್ತ, ಔಷಧಗಳಿಂದ ರೋಗಿಯನ್ನು ನೆಲೆಗೆ ತಂದು ಆಮೇಲೆ ನಾಳವನ್ನಿಳಿಸುವುದೇ ಕ್ರಮ. ಒಡೆದ ಸಿರೆಗಳ ವಿಷಯದಲ್ಲಿ ಹನ್ನೆರಡು ಗಂಟೆಗಳೊಳಗೆ ಎಂದು ಹೇಳುವ ವಾಡಿಕೆಯಿದೆ. ರಕ್ತಚಲನೆಯೇ ನಿಲ್ಲುವಂತಾಗಿ, ಏನು ಕೊಟ್ಟರೂ ನೆಲೆಗೆ ಬಾರದವನ ಮಾತು ಬೇರೆ. ಅಂಥವರನ್ನು ಆ ಪ್ರಯೋಗದಲ್ಲಿ ಸೇರಿಸಿರಲಿಲ್ಲ. ಉಳಿದವರ ಮಟ್ಟಿಗೆ, ಕವಚ ತೊಡಲು ಬೇಕಾದ ಹತ್ತು ನಿಮಿಷವನ್ನು ರೋಗಿಯ ಪ್ರಾಣದಿಂದ ಕಡಿದುಕೊಟ್ಟಂತಾಗುವುದಿಲ್ಲ. ಗುಡ್ಡದ ರೋಗಿಗೆ ದಾರಿಯಲ್ಲಿ ಕಳೆದ ಮೂರು ಗಂಟೆ ಈ ಲೆಕ್ಕಕ್ಕೆ ಸೇರಬೇಕೆಂಬುದು ನಿಜ. ಆದರೆ ಆ ಮೂರು ಗಂಟೆಯೇ ಎದುರಿನ ಆಸ್ಪತ್ರೆಯವರಿಗೆ ಸಿದ್ಧತೆಯ ಕಾಲವೂ ಆಗಬಲ್ಲದು, ಮುಂಚಿತವಾಗಿ ಸುದ್ದಿ ಹೋದ ಪಕ್ಷದಲ್ಲಿ.

ಕರ್ಮದಲ್ಲಿ ಅಪಾಯವು ಎಲ್ಲಿಂದ ಹುಟ್ಟುತ್ತದೆಂಬುದನ್ನು ತಿಳಿದರೆ ಕವಚದ ಪ್ರತಿಯೊಂದು ಅಂಗಕ್ಕೂ ಕಾರಣ ತಿಳಿಯುತ್ತದೆ. ನಾಳವು ಸುಮಾರು ಒಂದು ಮೀಟರ್ ಉದ್ದ, ಬೆರಳಿನಷ್ಟು ದಪ್ಪ. ಅದರೊಳಗಣ ಕಿರಿದಾದ ಕಾಲುವೆಯ ಮೂಲಕ ಹೀರುವುದು, ಚಿಮಟ ಸೂಜಿಗಳನ್ನು ಕಳುಹಿಸುವುದು. ನಾಳ ಗಂಟಲನ್ನು ದಾಟುವಾಗ ರೋಗಿಯು ಓಕರಿಸುತ್ತಾನೆ, ಕೆಮ್ಮುತ್ತಾನೆ. ಒಳಕ್ಕೆ ಊದಿದ ಗಾಳಿ ತೇಗಾಗಿ ಹೊರಬರುತ್ತದೆ. ಕಾಲುವೆಯಿಂದ ಸಾಧನವನ್ನು ಹೊರಕ್ಕೆಳೆಯುವಾಗ ಅದರ ತುದಿಯ ರಕ್ತವೂ ರಸವೂ ವೈದ್ಯನ ಮುಖದ ಮಟ್ಟದಲ್ಲಿಯೇ ಸಿಡಿಯುತ್ತದೆ. ಹನಿಗಳಲ್ಲಿ ದಪ್ಪನಾದುವು ಕೆಳಗೆ ಬೀಳುತ್ತವೆ. ಅತಿಸೂಕ್ಷ್ಮವಾದುವು ಗಾಳಿಯಲ್ಲಿ ತೇಲುತ್ತ ಬಹಳ ಹೊತ್ತು ಉಳಿಯುತ್ತವೆ. ಹನಿಯೆಲ್ಲಿ ಮುಗಿದು ತೇಲುಕಣವೆಲ್ಲಿ ಮೊದಲಾಗುತ್ತದೆಂಬ ವಿಷಯದಲ್ಲಿ ಪಂಡಿತರೊಳಗೆ ನಡೆದ ವಾದವು ದೀರ್ಘವಾದುದು. ೨೦೨೪ರ ಏಪ್ರಿಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಭೇದವನ್ನು ಸಡಿಲಿಸಿ, ಗಾತ್ರವೆಷ್ಟಾದರೂ ಎಲ್ಲವನ್ನೂ ಸೋಂಕುಳ್ಳ ಶ್ವಾಸಕಣಗಳೆಂಬ ಒಂದೇ ಸಂಜ್ಞೆಗೆ ಅಡಕಮಾಡಿತು. ನಿಃಶ್ವಾಸವೆಂಬ ಹಳೆಯ ಮಾತಿನ ವ್ಯಾಪ್ತಿಯೂ ಅಷ್ಟೇ ಅಗಲವಾದುದು.

ಆದುದರಿಂದ ಉಸಿರಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-೯೫ ಮುಸುಕು, ಕಣ್ಣಿಗೆ ಕನ್ನಡಕ, ಇಲ್ಲವೆ ಮುಖದ ಮುಂದಿಳಿಯುವ ಪಾರದರ್ಶಕ ಫಲಕ, ಮೈಗೆ ನೀರಿಳಿಯದ ತುಂಬುತೋಳಿನ ನಿಲುವಂಗಿ, ಕೈಗೆ ಎರಡು ಜೊತೆ ಚೀಲ, ತಲೆಗೆ ಟೋಪಿ. ಗಡ್ಡ ಬಿಟ್ಟವರಿಗೆ ಎನ್-೯೫ ಸರಿಯಾಗಿ ಕೂರುವುದಿಲ್ಲವೆಂಬುದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ವೈದ್ಯನು ಉಗುರುರೋಮಗಳನ್ನು ಕತ್ತರಿಸಿಕೊಂಡು ಶುಚಿಯಾಗಿರಬೇಕೆಂದು ಸುಶ್ರುತನು ಹೇಳಿದುದು ಬೇರೆ ಸಂದರ್ಭದಲ್ಲಾದರೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಟ್ಟೆಯ ಮುಸುಕಿನ ಮಹಿಮೆಯನ್ನು ಮಂಚೂರಿಯದ ಮಹಾಮಾರಿಯಲ್ಲಿ, ೧೯೧೦-೧೧ರಲ್ಲಿ, ವು ಲಿಯೆನ್-ತೆ ಎಂಬ ವೈದ್ಯರು ತೋರಿಸಿಕೊಟ್ಟರು. ಅದನ್ನು ನಂಬದೆ ಬರಿಮುಖದಲ್ಲಿ ರೋಗಿಗಳನ್ನು ನೋಡಿದ ಮೆನಿ ಎಂಬ ಫ್ರೆಂಚ್ ವೈದ್ಯನು ಕೆಲವೇ ದಿನಗಳಲ್ಲಿ ಅದೇ ಮಾರಿಗೆ ತುತ್ತಾದನು.

ಕವಚವನ್ನು ತೊಡುವುದಕ್ಕಿಂತ ಕಳಚುವುದು ಕಷ್ಟ. ತೊಡುವಾಗ ಎಲ್ಲವೂ ಶುಚಿ. ಕಳಚುವಾಗ ಹೊರಮೈಯೆಲ್ಲ ಮಲಿನ. ಮೊದಲು ಹೊರಗಣ ಕೈಚೀಲ, ಆಮೇಲೆ ಒಳಮೈ ಹೊರಗಾಗುವಂತೆ ಸುರುಳಿಸುತ್ತ ನಿಲುವಂಗಿ, ಒಳಗಣ ಕೈಚೀಲ, ಬಳಿಕ ಕಣ್ಣಿನ ಫಲಕ, ಮುಸುಕನ್ನು ಮಾತ್ರ ಕೊಠಡಿಯಿಂದ ಹೊರಬಂದಮೇಲೆ, ಮುಂಭಾಗವನ್ನು ಮುಟ್ಟದೆ, ಹಿಂದಣ ಪಟ್ಟಿಯನ್ನು ಹಿಡಿದು ತೆಗೆಯತಕ್ಕದ್ದು, ನಡುನಡುವೆ ಕೈತೊಳೆಯುವುದು. ದಣಿದು ಬೆವೆತ ಮನುಷ್ಯನು ನಡುರಾತ್ರಿಯಲ್ಲಿ ಈ ಕ್ರಮವನ್ನು ತಪ್ಪದೆ ನಡೆಸಬೇಕಾದರೆ ಗೋಡೆಯ ಮೇಲೆ ಅಂಟಿಸಿದ ಚಿತ್ರಪಟ ಸಾಲದು. ಇಲ್ಲಿ ಸುಶ್ರುತನ ಯೋಗ್ಯಾ ಎಂಬ ವಿಧಿ ನೆನಪಾಗುತ್ತದೆ. ಶಾಸ್ತ್ರವನ್ನೆಲ್ಲ ಓದಿದವನಾದರೂ ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಛೇದನಾದಿಗಳನ್ನು ಅಭ್ಯಾಸಮಾಡದವನು ಕರ್ಮಕ್ಕೆ ಅರ್ಹನಲ್ಲವೆಂದು ಆ ಅಧ್ಯಾಯದ ತಾತ್ಪರ್ಯ. ಕವಚಧಾರಣೆಗೂ ಯೋಗ್ಯಾ ಬೇಕು: ತಿಂಗಳಿಗೊಮ್ಮೆ, ರೋಗಿಯಿಲ್ಲದ ಹೊತ್ತಿನಲ್ಲಿ, ಒಬ್ಬರು ಕಳಚುವುದು, ಇನ್ನೊಬ್ಬರು ನೋಡಿ ತಿದ್ದುವುದು. ಚಿಕ್ಕ ಆಸ್ಪತ್ರೆಯಲ್ಲಿ ತುರ್ತಿನ ಕರ್ಮವು ವಿರಳವಾದುದರಿಂದಲೇ ಅಭ್ಯಾಸವು ಅಲ್ಲಿ ದೊಡ್ಡ ಆಸ್ಪತ್ರೆಗಿಂತ ಹೆಚ್ಚು ಬೇಕು.

ಕೊಠಡಿಯ ಗಾಳಿಯ ವಿಷಯ. ಗಂಟೆಗೆ ಹನ್ನೆರಡು ಸಲ ಗಾಳಿ ಬದಲಾಗುವ ಕೊಠಡಿಯಲ್ಲಿ ತೇಲುಕಣಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೋಗಲು ೨೩ ನಿಮಿಷ ಬೇಕು. ಆರು ಸಲ ಬದಲಾದರೆ ೪೬ ನಿಮಿಷ. ಒಳಗಣ ಗಾಳಿಯನ್ನೇ ತಣಿಸಿ ಮತ್ತೆ ಒಳಗೇ ಬಿಡುವ ಶೀತಯಂತ್ರವು ಈ ಲೆಕ್ಕಕ್ಕೆ ಬರುವುದಿಲ್ಲ. ಮಲೆನಾಡಿನಲ್ಲಿ ಜಿರಿಮಳೆಗೆ ಹೆದರಿ ಕಿಟಕಿಗಳನ್ನು ಮುಚ್ಚಿಡುವ ರೂಢಿಯು ಮನೆಗೆ ಸರಿ, ಈ ಕೊಠಡಿಗೆ ಅಲ್ಲ. ಗಾಳಿಯನ್ನು ಹೊರಕ್ಕೆ ನೂಕುವ ಬೀಸಣಿಗೆಯೊಂದನ್ನು, ಜನ ಓಡಾಡದ ದಿಕ್ಕಿಗೆ ತೆರೆಯುವಂತೆ ಕೂರಿಸುವುದು ದೊಡ್ಡ ವೆಚ್ಚವೇನಲ್ಲ. ರಕ್ತ ಬಹಳವಾಗಿ ಕಾರುತ್ತಿರುವವನ ಶ್ವಾಸನಾಳಕ್ಕೆ ಮೊದಲು ಕೊಳವೆ ಹಾಕಬೇಕಾದೀತು. ಅದೂ ಕಣಗಳನ್ನೆಬ್ಬಿಸುವ ಕರ್ಮವಾದುದರಿಂದ ಆಗ ಅರಿವಳಿಕೆಯವರೂ ಒಬ್ಬ ಸಹಾಯಕನೂ ಹೊರತು ಉಳಿದವರು ಹೊರಗಿರಲಿ. ನೋಡಲು ಬಂದು ನಿಲ್ಲುವವರಿಗೆ ಅಲ್ಲಿ ಕೆಲಸವಿಲ್ಲ. ೨೦೨೦ರಲ್ಲಿ ಭಾರತದ ಅಂತರ್ದರ್ಶನ, ಜಠರರೋಗ, ಯಕೃದ್ರೋಗಗಳ ಮೂರು ತಜ್ಞಸಂಘಗಳು ಕೂಡಿ ಹೊರಡಿಸಿದ ಸೂಚನೆಯಲ್ಲಿಯೂ, ತಡೆಯಬಹುದಾದ ಕರ್ಮಗಳನ್ನೆಲ್ಲ ತಡೆದು ತುರ್ತಿನವನ್ನು ಮಾತ್ರ, ಕವಚದೊಡನೆ ಮಾಡಬೇಕೆಂದಿತ್ತು.

ಎಲ್ಲರೂ ಮರೆಯುವವನೊಬ್ಬನಿದ್ದಾನೆ, ಅವನು ನಾಳವನ್ನು ತೊಳೆಯುವವನು. ನಾಳವು ಕುದಿಸಲು ತಡೆಯದ ವಸ್ತು. ಕರ್ಮ ಮುಗಿದೊಡನೆ, ರಸವು ಒಣಗುವ ಮುಂಚೆ, ಹಾಸಿಗೆಯ ಬಳಿಯಲ್ಲಿಯೇ ಒರೆಸಿ ಕಾಲುವೆಗೆ ದ್ರಾವಣವನ್ನು ಹೀರಿಸಬೇಕು. ಸೋರಿಕೆಯನ್ನು ಪರೀಕ್ಷಿಸಿ, ಕಾಲುವೆಗಳನ್ನೆಲ್ಲ ಕುಂಚದಿಂದ ಉಜ್ಜಿ, ನೂರಕ್ಕೆ ಎರಡರಷ್ಟಿರುವ ಗ್ಲುಟರಾಲ್ಡಿಹೈಡಿನಲ್ಲಿ ೨೦ ನಿಮಿಷವಿಟ್ಟು, ಜಾಲಿಸಿ, ಒಣಗಿಸಿ, ನೇತುಹಾಕಬೇಕು. ಉಜ್ಜಿದ ಕುಂಚವು ಕಾಲುವೆಯಿಂದ ಹೊರಬರುವಾಗ ಸಿಡಿಯುವ ಹನಿಯು ವೈದ್ಯನ ಮುಖಕ್ಕೆ ಸಿಡಿದುದಕ್ಕಿಂತ ನಿರಪಾಯವಾದುದಲ್ಲ. ಜೊತೆಗೆ ಗ್ಲುಟರಾಲ್ಡಿಹೈಡಿನ ಆವಿಯು ಕಣ್ಣನ್ನೂ ಶ್ವಾಸವನ್ನೂ ಕೆಡಿಸುತ್ತದೆ. ಎನ್-೯೫ ಮುಸುಕು ಕಣಗಳನ್ನು ತಡೆದೀತೇ ಹೊರತು ಆವಿಯನ್ನು ತಡೆಯದು. ಆದುದರಿಂದ ತೊಳೆಯುವ ಕೋಣೆಗೆ ಬೇರೆ ಗಾಳಿದಾರಿಯೂ, ತೊಟ್ಟಿಗೆ ಮುಚ್ಚಳವೂ, ತೊಳೆಯುವವನಿಗೆ ವೈದ್ಯನಷ್ಟೇ ಕವಚವೂ ಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಸೂಜಿಗಳು, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು, ವೈದ್ಯನಿಗೆ ಆಗಿದ್ದು ಈತನಿಗೆ ಆಗದಿದ್ದರೆ ಆ ಆಸ್ಪತ್ರೆಯ ರಕ್ಷಣೆಯು ಅರ್ಧವೇ ಆಗಿದೆ. ಗುತ್ತಿಗೆಯ ಆಳೆಂಬ ಕಾರಣವನ್ನು ವಿಷಾಣುವು ಕೇಳುವುದಿಲ್ಲ. ಸೂಜಿ ಚುಚ್ಚಿಕೊಂಡವನು ಸಂಕೋಚಪಟ್ಟು ಮುಚ್ಚಿಡದೆ ಕೂಡಲೇ ಹೇಳುವಂತಿರಬೇಕು; ಎಚ್.ಐ.ವಿ. ತಡೆಯುವ ಔಷಧವನ್ನು ಎಷ್ಟು ಬೇಗ ಮೊದಲುಮಾಡಿದರೆ ಅಷ್ಟು ಒಳ್ಳೆಯದು, ೭೨ ಗಂಟೆ ಮೀರಿದರೆ ಪ್ರಯೋಜನವಿಲ್ಲ. ೨೮ ದಿನ ತೆಗೆದುಕೊಳ್ಳತಕ್ಕದ್ದು.

ಕೊನೆಗೆ ಮತ್ತೆ ಘಟ್ಟದ ದಾರಿಗೆ ಬರಬೇಕಾಗಿದೆ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡು ವೈದ್ಯಕೀಯ ಮಹಾವಿದ್ಯಾಲಯವು ೨೦೨೨-೨೩ರಿಂದ ನಡೆಯುತ್ತಿರುವುದು ಈ ಸೀಮೆಗೆ ದೊಡ್ಡ ಅನುಕೂಲ. ಆದರೂ ಕಳಸದಿಂದಲೋ ಬಾಳೂರಿನಿಂದಲೋ ಹೊರಟ ರೋಗಿಯು ಮೊದಲು ಸೇರುವುದು ವಾಹನವನ್ನು. ೨೦೦೮ರಲ್ಲಿ ಕರ್ನಾಟಕದಲ್ಲಿ ಆರಂಭವಾದ ೧೦೮ರ ವಾಹನಸೇವೆಗೆ ಆರೋಗ್ಯ ಕವಚವೆಂದೇ ನಾಮಕರಣವಾಗಿದೆ. ಆ ವಾಹನದ ಮುಚ್ಚಿದ ಗೂಡಿನಲ್ಲಿ, ಎರಡು ಮೂರು ಗಂಟೆ, ರಕ್ತವಾಂತಿಯ ಬೋಗುಣಿಯನ್ನು ಹಿಡಿದು ಕುಳಿತಿರುವವನಿಗೆ ಅಂತರ್ದರ್ಶನದ ವೈದ್ಯನಿಗಿಂತ ಹೆಚ್ಚು ಹೊತ್ತು ಸೋಂಕಿನ ಸಂಪರ್ಕವಿರುತ್ತದೆ. ಆತನಿಗೂ ಎನ್-೯೫, ಕಣ್ಣಿನ ಫಲಕ, ಕೈಚೀಲ. ರೋಗಿ ತಡೆದುಕೊಂಡಾನೆಂದರೆ ವಾಂತಿಯಿಲ್ಲದ ಹೊತ್ತಿನಲ್ಲಿ ರೋಗಿಗೊಂದು ಸಾಧಾರಣ ಮುಸುಕು. ಗಾಜು ಇಳಿಸಿದ ಕಿಟಕಿ.

ಕಳುಹಿಸುವ ವೈದ್ಯನು ಚೀಟಿಯಲ್ಲಿ ರಕ್ತ ಕಾರಿದ ಹೊತ್ತು, ಪ್ರಮಾಣ, ನಾಡಿ, ರಕ್ತದೊತ್ತಡಗಳೊಡನೆ ಇನ್ನು ನಾಲ್ಕು ಸಂಗತಿಗಳನ್ನು ಬರೆಯಲಿ: ಜ್ವರವಿದೆಯೇ, ಎಷ್ಟು ದಿನದಿಂದ, ಕೆಮ್ಮಿದೆಯೇ, ಎಷ್ಟು ವಾರದಿಂದ, ಕಾಡಿಗೆ ಹೋಗಿದ್ದನೇ, ಉಣುಗು ಕಚ್ಚಿತ್ತೇ, ಸುತ್ತಮುತ್ತ ಮಂಗಗಳು ಸತ್ತಿವೆಯೇ, ಲೈನುಮನೆಯಲ್ಲಿ ಬೇರೆ ಯಾರಿಗಾದರೂ ಇದೇ ತೆರನಾಗಿದೆಯೇ. ವಾಹನವು ಹೊರಟ ಕೂಡಲೇ ಈ ನಾಲ್ಕನ್ನೂ ದೂರವಾಣಿಯ ಮೂಲಕ ಎದುರಿನ ಆಸ್ಪತ್ರೆಗೆ ಓದಿ ಹೇಳಲಿ. ಘಟ್ಟದ ತಿರುವುಗಳಲ್ಲಿ ದೂರವಾಣಿಗೆ ಸಂಕೇತ ಸಿಕ್ಕದುದರಿಂದ, ಹೊರಡುವ ಮುಂಚೆಯೇ ಹೇಳುವುದು ಇನ್ನೂ ಲೇಸು.